ಮಿಲ್ ಗೇಟಿನ ಆಚೆ

ದೀಪಾವಳಿ ಹತ್ತಿರ ಬಂದ ಹಾಗೆ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ದಾವಣಗೆರೆಯ ಸಣ್ಣಪುಟ್ಟ ಕಾರ್ಖಾನೆ, ನರ್ಸಿಂಗ್ ಹೋಂ, ಬಟ್ಟೆ ಅಂಗಡಿಗಳ ಪಗಾರದ ಲೆಕ್ಕ ಬರೆಯುವುದು ನನ್ನ ಕೆಲಸ. ಪಿಎಫ್ ಕಟ್ಟಿದ್ದಾರಾ, ಇಎಸ್‌ಐ (ಕೆಲಸಗಾರರ ವಿಮೆ) ನಂಬರ್ ಬಂತಾ, ಯಾರು ಕೆಲಸ ಬಿಟ್ಟರು, ಅವರಿಗೆ ಎಷ್ಟು ಕೊಡಬೇಕು, ಇದರಲ್ಲೇ ದಿನ ಹೋಗುತ್ತದೆ. ಹಬ್ಬದ ಮುಂದೆ ಮಾತ್ರ ಎಲ್ಲರದೂ ಒಂದೇ ಮಾತು, ಬೋನಸ್. ಮಾಲೀಕರು "ಕೊಡ್ಲೇಬೇಕಾ?" ಅಂತಾರೆ. ಕೆಲಸದವರು "ಎಷ್ಟು ಬರುತ್ತೆ ಸಾರ್?" ಅಂತಾರೆ. ಈಚೆಗೆ ಒಬ್ಬ ಹುಡುಗ ಮಾತ್ರ ಬೇರೆಯದೇ ಕೇಳಿದ. "ಅಣ್ಣಾ, ಇದೇನು 8.33 ಪರ್ಸೆಂಟು? ಎಂಟು ಅಂತ ಇಟ್ಟು ಬಿಡಬಹುದಿತ್ತಲ್ಲ. ಯಾರು ಕೂತು ಹಾಕಿದ್ರು ಈ ಲೆಕ್ಕ?"

ಕನಿಷ್ಠ ಬೋನಸ್ಸಿನ ದರ ಅದು. ನೂರನ್ನು ಹನ್ನೆರಡರಿಂದ ಭಾಗಿಸಿದರೆ 8.33 ಬರುತ್ತದೆ. ವರ್ಷದ ಪಗಾರದ ಹನ್ನೆರಡನೇ ಒಂದು ಪಾಲು, ಅಂದರೆ ಹದಿಮೂರನೇ ತಿಂಗಳ ಸಂಬಳ. (ಪೂರ್ತಿ ಪಗಾರದ ಮೇಲೆ ಹಾಕುವುದಿಲ್ಲ, ಅದಕ್ಕೊಂದು ಮಿತಿ ಇದೆ. ಅದು ಬೇರೆ ತಕರಾರು.) ಈ ಹದಿಮೂರನೇ ತಿಂಗಳು ಬಂದ ದಾರಿ ದೊಡ್ಡದು. ಮೊದಲ ಮಹಾಯುದ್ಧದ ಕಾಲದಲ್ಲಿ ಬೊಂಬಾಯಿಯ ಬಟ್ಟೆ ಮಿಲ್ಲುಗಳು ಭರ್ಜರಿ ಲಾಭ ಮಾಡಿದವು. ಅದೇ ಹೊತ್ತಿಗೆ ದಿನಸಿ ಬೆಲೆ ಕೈಗೆ ಸಿಗದಷ್ಟು ಮೇಲೆ ಹೋಯಿತು. 1917ರಲ್ಲಿ ಮಾಲೀಕರು ಯುದ್ಧದ ಬೋನಸ್ ಅಂತ ಪಗಾರಕ್ಕೆ ಸ್ವಲ್ಪ ಸೇರಿಸಿದರು. ಯುದ್ಧ ಮುಗಿದ ಮೇಲೂ ಕೆಲವು ವರ್ಷ ವರ್ಷಕ್ಕೊಂದು ಬೋನಸ್ ಬಂತು. ಆಮೇಲೆ 1923ರದ್ದು ಕೊಡುವುದಿಲ್ಲ ಅಂದರು. 1924ರ ಜನವರಿಯಲ್ಲಿ ಬೊಂಬಾಯಿಯ ಮಿಲ್ಲುಗಳು ನಿಂತವು, ಲಕ್ಷಕ್ಕೂ ಜಾಸ್ತಿ ಜನ ಹೊರಗೆ ಕೂತರು. ಸರ್ಕಾರ ಒಂದು ಸಮಿತಿ ಮಾಡಿತು. ಬೋನಸ್ ಕೇಳುವ ಹಕ್ಕು ಕಾನೂನಿನಲ್ಲೇ ಇಲ್ಲ ಅಂತ ಸಮಿತಿ ಬರೆದು ಕೊಟ್ಟಿತು. ಕೆಲಸಗಾರರು ಸೋತು ಒಳಗೆ ಹೋದರು.

ಸೋತ ಆ ಬೇಡಿಕೆಯನ್ನು ಅವರ ಮಕ್ಕಳು ಮತ್ತೆ ಎತ್ತಿಕೊಂಡರು. 1950ರಲ್ಲಿ ಬೊಂಬಾಯಿಯ ಮಿಲ್ ಯೂನಿಯನ್ನಿನ ಕೇಸಿನಲ್ಲೇ ಲೇಬರ್ ಅಪೀಲು ಟ್ರಿಬ್ಯುನಲ್ ಬೋನಸ್ ಲೆಕ್ಕಕ್ಕೆ ಒಂದು ಸೂತ್ರ ಕೊಟ್ಟಿತು. 1965ರಲ್ಲಿ ಬೋನಸ್ ಕಾಯ್ದೆ ಬಂತು. ಆಗ ಕನಿಷ್ಠ ಬೋನಸ್ ಶೇ. 4. ಮುಂದೆ 8.33 ಆಯಿತು. ತುರ್ತು ಪರಿಸ್ಥಿತಿಯಲ್ಲಿ, 1975ರಲ್ಲಿ, ಅದನ್ನು ಮತ್ತೆ 4ಕ್ಕೆ ಇಳಿಸಿದರು. ಆಗ ಸ್ಟ್ರೈಕ್ ಮಾಡುವ ಹಾಗಿರಲಿಲ್ಲ, ಮುಖಂಡರು ಜೈಲಿನಲ್ಲಿದ್ದರು. 1977ರಲ್ಲಿ ಸರ್ಕಾರ ಬದಲಾದ ಮೇಲೆ 8.33 ವಾಪಸ್ ಬಂತು. ಯೂನಿಯನ್ನುಗಳ ಬಾಯಿ ಕಟ್ಟಿದ ಕಾಲದಲ್ಲೇ ಬೋನಸ್ಸು ಇಳಿದದ್ದು ಸುಮ್ನೆ ಕಾಕತಾಳೀಯ ಅಂತ ನನಗಂತೂ ಅನಿಸುವುದಿಲ್ಲ.

ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. "ನಿಮ್ಮ ತಾತನ ಕಾಲದವರು" ಅಂದೆ. ಅವನ ತಾತ ಯಾರು ಅಂತ ನನಗೆ ಗೊತ್ತಿಲ್ಲ. ಆದರೆ ಈ ಊರಿನಲ್ಲಿ ಹಾಗೆ ಹೇಳಿದರೆ ಹೆಚ್ಚು ಕಡಿಮೆ ಸರಿಯೇ ಇರುತ್ತದೆ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಒಂದಿತ್ತು. ಈಗ ಹೊರಗಿನವರು ಬೆಣ್ಣೆ ದೋಸೆಯಿಂದ ನಮ್ಮನ್ನು ಗುರುತಿಸುತ್ತಾರೆ. ಆಗ ನೂಲು, ಬಟ್ಟೆ. ಮೂರು ಪಾಳಿ. ಸೈರನ್ ಕೂಗಿದರೆ ಊರೇ ಗಡಿಯಾರ ನೋಡದೆ ಟೈಮು ಹೇಳುತ್ತಿತ್ತು. ಆ ಮಿಲ್ ಕೆಲಸಗಾರರನ್ನು ಕಟ್ಟಿದವರಲ್ಲಿ ದೊಡ್ಡ ಹೆಸರು ಕಾಮ್ರೇಡ್ ಪಂಪಾಪತಿ ಅವರದು. ಭಾರತ ಕಮ್ಯುನಿಸ್ಟ್ ಪಕ್ಷದವರು. 1978, 1983, 1985, ಹೀಗೆ ಮೂರು ಚುನಾವಣೆಯಲ್ಲಿ ದಾವಣಗೆರೆ ಅವರನ್ನು ವಿಧಾನಸಭೆಗೆ ಕಳಿಸಿತು. ಕೆಂಪು ಬಾವುಟದ ಅಭ್ಯರ್ಥಿ ಸತತವಾಗಿ ಗೆಲ್ಲುವುದು ನಮ್ಮ ರಾಜ್ಯದಲ್ಲಿ ತೀರಾ ಅಪರೂಪ. ಓಟು ಹಾಕಿದವರೆಲ್ಲ ಕಮ್ಯುನಿಸ್ಟರೇನಲ್ಲ. ನಮ್ಮಪ್ಪ ವರ್ಷಕ್ಕೊಮ್ಮೆ ಉಚ್ಚಂಗಿ ಗುಡ್ಡ ಹತ್ತುತ್ತಿದ್ದವರು, ಮನೆದೇವರ ಹರಕೆ ತಪ್ಪಿಸಿದವರಲ್ಲ. ಮಿಲ್ ಗೇಟಿನ ಹತ್ತಿರ ಮಾತ್ರ "ಲಾಲ್ ಸಲಾಂ" ಅನ್ನುತ್ತಿದ್ದರು.

ಅಪ್ಪ ಇದ್ದದ್ದು ಕಾರ್ಡಿಂಗ್ ವಿಭಾಗದಲ್ಲಿ. ಹತ್ತಿಯನ್ನು ಬಾಚಿ ಎಳೆ ಮಾಡುವ ಜಾಗ ಅದು. ಗಾಳಿಯಲ್ಲೆಲ್ಲ ಹತ್ತಿ ಧೂಳು. ಮನೆಗೆ ಬರುವಾಗ ಹುಬ್ಬು, ಕಿವಿ ಕೂದಲು ಎಲ್ಲ ಬೆಳ್ಳಗೆ. ಬಟವಾಡೆ ದಿನ ಗೇಟಿನ ಹೊರಗೆ ಯೂನಿಯನ್ನಿನವರು ರಸೀದಿ ಪುಸ್ತಕ ಹಿಡಿದು ನಿಂತಿರುತ್ತಿದ್ದರಂತೆ. ಪಗಾರದ ಕವರು ಮನೆಗೆ ಬರುವ ಮೊದಲೇ ಚಂದಾ ಕಡಿತವಾಗಿರುತ್ತಿತ್ತು. ಅವ್ವನಿಗೆ ಅದೊಂದು ಸಿಟ್ಟು. "ಇವರಿಗ್ಯಾಕೆ ಕೊಡಬೇಕು, ಇವರೇನು ಅಕ್ಕಿ ತಂದು ಹಾಕ್ತಾರಾ?" ಅಂತ ಕೇಳುತ್ತಿದ್ದಳು. ಅಪ್ಪ ವಾದ ಮಾಡುತ್ತಿರಲಿಲ್ಲ. ರಸೀದಿಗಳನ್ನು ಮಾತ್ರ ಒಂದೂ ಬಿಸಾಡದೆ ಟ್ರಂಕಿನಲ್ಲಿ ಇಡುತ್ತಿದ್ದರು.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಬಲಗೈ ಎರಡು ಬೆರಳು ಮಷೀನಿಗೆ ಸಿಕ್ಕವು. ಇಎಸ್‌ಐ ಆಸ್ಪತ್ರೆಯಲ್ಲಿ ಹೊಲಿಗೆ, ಡ್ರೆಸ್ಸಿಂಗ್, ಔಷಧಿ ಎಲ್ಲ ಆಯಿತು. ನಾವು ದುಡ್ಡು ಬಿಚ್ಚಲಿಲ್ಲ. ಕೆಲಸಕ್ಕೆ ಹೋಗದ ದಿನಗಳಿಗೂ ಪಗಾರದ ಬಹುಪಾಲು ಬಂತು. ಈಗಿನ ನಿಯಮದಲ್ಲಿ ಕೆಲಸದ ಮೇಲೆ ಪೆಟ್ಟಾದರೆ ಪಗಾರದ ಶೇ. 90ರಷ್ಟು, ಸಾಮಾನ್ಯ ಕಾಯಿಲೆಗೆ ಶೇ. 70ರಷ್ಟು ಇಎಸ್‌ಐ ಕೊಡುತ್ತದೆ. ಕೆಲಸಗಾರ ಕಟ್ಟುವುದು ನೂರಕ್ಕೆ 75 ಪೈಸೆ, ಮಾಲೀಕ ಕಟ್ಟುವುದು 3 ರೂಪಾಯಿ 25 ಪೈಸೆ. ಮಿಲ್ ಯೂನಿಯನ್ನಿನ ಒಬ್ಬ ಹಿರಿಯರು ಬಂದು ಆಕ್ಸಿಡೆಂಟ್ ರಿಪೋರ್ಟು ಸರಿಯಾಗಿ ಬರೆದಿದ್ದಾರಾ ಅಂತ ಓದಿ ನೋಡಿ ಹೋದದ್ದು ನನಗೆ ನೆನಪಿದೆ. "ಕೆಲಸದ ವೇಳೆಯಲ್ಲಿ, ಮಷೀನಿನ ಮೇಲೆ" ಅನ್ನುವ ಸಾಲು ಇದೆಯಾ ಅಂತ ಬೆರಳಿಟ್ಟು ಹುಡುಕಿದರು. ಆ ಸಾಲು ಇಲ್ಲದಿದ್ದರೆ ಇಡೀ ಲೆಕ್ಕವೇ ಬೇರೆಯಾಗುತ್ತಿತ್ತು ಅಂತ ನನಗೆ ಅರ್ಥವಾಗಿದ್ದು ನಾನೇ ಅಂಥ ಫಾರ್ಮು ತುಂಬಲು ಶುರು ಮಾಡಿದ ಮೇಲೆ.

ಅದೇ ವರ್ಷ ನಮ್ಮ ದೊಡ್ಡಮ್ಮನ ಕೈ ಸುಟ್ಟಿತು.

ದೊಡ್ಡಮ್ಮ ಮಂಡಕ್ಕಿ ಭಟ್ಟಿಗೆ ಹೋಗುತ್ತಿದ್ದಳು. ಮಂಡಕ್ಕಿ, ಮಿರ್ಚಿ ಇಲ್ಲದೆ ದಾವಣಗೆರೆಯ ಸಂಜೆ ಇಲ್ಲ. ಆದರೆ ಭಟ್ಟಿಯೊಳಗೆ ಹೋಗಿ ನೋಡಿದವರು ಕಡಿಮೆ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಾಕಿ ಹುರಿದು, ಕೊನೆಗೆ ಕಾದ ಮರಳಿಗೆ ಸುರಿಯಬೇಕು. ಮರಳು ಎಷ್ಟು ಕಾದಿರಬೇಕು ಅಂದರೆ ಅಕ್ಕಿ ಬಿದ್ದ ಕೂಡಲೇ ಅರಳಬೇಕು. ಅರಳಿದ್ದನ್ನು ಹೊತ್ತಿಸದೆ ಜರಡಿಗೆ ಎತ್ತಬೇಕು. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಬೇಕು. ಒಲೆಗೆ ಹೊಟ್ಟು, ಕೆಲವು ಕಡೆ ಹಳೇ ಟೈರು. ಗೋಡೆ, ಸೂರು, ಮನುಷ್ಯರು ಎಲ್ಲ ಒಂದೇ ಬಣ್ಣ. ರಾತ್ರಿ ಎದ್ದು ಹೋದರೆ ಬಿಸಿಲು ಏರುವ ಹೊತ್ತಿಗೆ ಕೆಲಸ ಮುಗಿಯುತ್ತದೆ. ಕೂಲಿ ಚೀಲದ ಲೆಕ್ಕದಲ್ಲಿ. ಕಾದ ಮರಳು ದೊಡ್ಡಮ್ಮನ ಮೊಣಕೈಯಿಂದ ಕೆಳಗೆ ಚೆಲ್ಲಿತು. ಭಟ್ಟಿಯವರು ಆಸ್ಪತ್ರೆಗೆ ಅಂತ ಒಂದಿಷ್ಟು ಕೈಗಡ ಕೊಟ್ಟರು, ಆಮೇಲೆ ಕೂಲಿಯಲ್ಲಿ ವಾರವಾರ ಮುರಿದುಕೊಂಡರು. ಮನೆಯಲ್ಲಿ ಕೂತ ದಿನಗಳಿಗೆ ಒಂದು ಕಾಸೂ ಇಲ್ಲ.

ಒಂದೇ ಊರು, ಒಂದೇ ಮನೆತನ, ಒಂದೇ ವರ್ಷ. ಒಬ್ಬರ ಕೈಗೆ ಕಾನೂನಿನ ಕಾವಲಿತ್ತು, ಇನ್ನೊಬ್ಬರ ಕೈಗೆ ಇರಲಿಲ್ಲ. ಯೂನಿಯನ್ ಏನು ಮಾಡಿತು ಅಂತ ಯಾರಾದರೂ ಕೇಳಿದರೆ ನಾನು ಪುಸ್ತಕದ ಉದಾಹರಣೆ ಹುಡುಕುವುದಿಲ್ಲ. ಈ ಎರಡು ಕೈ ಸಾಕು.

ಇದರಲ್ಲಿ ಭಟ್ಟಿಯವನೊಬ್ಬನ ತಪ್ಪು ಅಂತ ಹೇಳಿ ಮುಗಿಸುವ ಹಾಗಿಲ್ಲ. ಕಾನೂನೇ ಹಾಗೆ ಬರೆದಿದೆ. ಪಿಎಫ್ ಬೇಕಾದರೆ 20 ಜನ ಇರಬೇಕು. ಇಎಸ್‌ಐ, ಗ್ರಾಚುಟಿಗೆ (ಕೆಲಸ ಬಿಡುವಾಗ ಕೊಡುವ ಇಡಿಗಂಟು) 10 ಜನ. ಫ್ಯಾಕ್ಟರಿ ಅನ್ನಿಸಿಕೊಳ್ಳಲು 1948ರ ಕಾಯ್ದೆಯಲ್ಲಿ ಕರೆಂಟು ಇದ್ದರೆ 10, ಇಲ್ಲದಿದ್ದರೆ 20 ಜನ ಇರಬೇಕಿತ್ತು. ಭಟ್ಟಿಗಳಲ್ಲಿ ಅಷ್ಟು ಜನ ಇರುವುದಿಲ್ಲ, ಇದ್ದರೂ ಪುಸ್ತಕದಲ್ಲಿ ಇರುವುದಿಲ್ಲ. ಈ ಸಂಖ್ಯೆಗಳ ಕೆಳಗೆ ನುಸುಳುವುದು ಹೇಗೆ ಅಂತ ನನ್ನ ಹತ್ತಿರ ಬರುವ ಕೆಲವು ಮಾಲೀಕರಿಗೆ ಬಾಯಿಪಾಠ. ಒಂಬತ್ತು ಜನರ ಮೇಲೆ ಹತ್ತನೆಯವನು ಯಾವಾಗಲೂ "ನೆಂಟರ ಹುಡುಗ, ಸುಮ್ನೆ ಬರ್ತಾನೆ".

ಮಿಲ್ಲಿನವರಿಗೆ ಕಾನೂನು ತಾನಾಗಿಯೇ ಬಂತಾ? ಅದೂ ಇಲ್ಲ. ಯೂನಿಯನ್ ಕಟ್ಟುವುದೇ ಅಪರಾಧದ ಹಾಗಿದ್ದ ಕಾಲ ಇತ್ತು. ಮದ್ರಾಸಿನ ಬಕಿಂಗ್‌ಹ್ಯಾಂ ಅಂಡ್ ಕರ್ನಾಟಿಕ್ ಮಿಲ್ ಕೆಲಸಗಾರರು 1918ರಲ್ಲಿ ಕೂಡಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. ಬಿ.ಪಿ. ವಾಡಿಯಾ ಅಧ್ಯಕ್ಷರು. ಅವರ ದೂರುಗಳಲ್ಲಿ ಒಂದು ಏನು ಗೊತ್ತಾ? ಮಧ್ಯಾಹ್ನ ಊಟಕ್ಕೆ ಬಿಡುತ್ತಿದ್ದದ್ದು ಅರ್ಧ ಗಂಟೆ. ಕೈ ತೊಳೆದು ಉಂಡು ವಾಪಸ್ ಬರಲು ಅದು ಸಾಲದು ಅಂತ. ಊಟದ ಇನ್ನೊಂದಿಷ್ಟು ನಿಮಿಷದಿಂದ ಶುರುವಾದ ಮಾತು ಲಾಕೌಟಿನವರೆಗೂ, ಪೊಲೀಸ್ ಗೋಲಿಬಾರಿನವರೆಗೂ ಹೋಯಿತು. ಕಂಪನಿ ಹೈಕೋರ್ಟಿಗೆ ಹೋಯಿತು. ಕೆಲಸಗಾರರನ್ನು ಒಪ್ಪಂದ ಮುರಿಯುವಂತೆ ಎತ್ತಿಕಟ್ಟಿದರು ಅಂತ ವಾಡಿಯಾ ಮತ್ತು ಯೂನಿಯನ್ನಿನ ಮುಖಂಡರ ಮೇಲೆ ದಾವೆ, ತಡೆಯಾಜ್ಞೆ. ಸಂಬಳ ಜಾಸ್ತಿ ಕೇಳಿ ಅಂತ ಹೇಳಿದವನೇ ನಷ್ಟ ಕಟ್ಟಿಕೊಡಬೇಕಾದ ಸ್ಥಿತಿ.

ಈ ಕೇಸು ದೇಶದ ಕಣ್ಣು ತೆರೆಸಿತು. ಕಾರ್ಮಿಕ ಮುಖಂಡ ಎನ್.ಎಂ. ಜೋಶಿ 1921ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಇದನ್ನು ಎತ್ತಿದರು. 1926ರಲ್ಲಿ ಟ್ರೇಡ್ ಯೂನಿಯನ್ ಕಾಯ್ದೆ ಬಂತು. ಏಳು ಜನ ಸೇರಿ ಅರ್ಜಿ ಹಾಕಿದರೆ ಯೂನಿಯನ್ ನೋಂದಣಿ ಮಾಡಬಹುದು, ಕೈಗಾರಿಕಾ ವಿವಾದದಲ್ಲಿ ಸ್ಟ್ರೈಕ್ ಮಾಡಿಸಿದರು ಅನ್ನುವ ಒಂದೇ ಕಾರಣಕ್ಕೆ ಮುಖಂಡರ ಮೇಲೆ ನಷ್ಟದ ದಾವೆ ಹೂಡುವ ಹಾಗಿಲ್ಲ ಅಂತ ಅದರಲ್ಲಿ ಬರೆದರು. ಉಳಿದ ಕಾನೂನುಗಳೆಲ್ಲ ಹೆಚ್ಚು ಕಡಿಮೆ ಈ ಬಾಗಿಲಿನಿಂದ ಒಳಗೆ ಬಂದವು. ವಾರಕ್ಕೆ 54 ಗಂಟೆ ಇದ್ದ ಕೆಲಸ 48ಕ್ಕೆ ಇಳಿದದ್ದು 1946ರಲ್ಲಿ. ಆಗ ವೈಸ್‌ರಾಯ್ ಕೌನ್ಸಿಲ್ಲಿನಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದವರು ಡಾ. ಅಂಬೇಡ್ಕರ್. ಸಂವಿಧಾನ ಬರೆದವರು ಅಂತ ಎಲ್ಲರಿಗೂ ಗೊತ್ತು, ಭಾನುವಾರ ಮಧ್ಯಾಹ್ನ ನಾವು ಮಲಗುವ ನಿದ್ದೆಯಲ್ಲೂ ಅವರದೊಂದು ಪಾಲಿದೆ ಅಂತ ಎಷ್ಟು ಜನಕ್ಕೆ ಗೊತ್ತು? ಆ ಭಾನುವಾರದ ರಜೆಗಾಗಿ ಅವರಿಗಿಂತ ಅರ್ಧ ಶತಮಾನ ಮೊದಲೇ ಬೊಂಬಾಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಮಿಲ್ ಕೆಲಸಗಾರರನ್ನು ಸೇರಿಸಿದ್ದರು. 1890ರಲ್ಲಿ ಅಲ್ಲಿನ ಮಾಲೀಕರು ಒಪ್ಪಿದರು.

ಕಾನೂನು ಬಂದ ಮೇಲೂ ಅದರ ಒಳಗೆ ಜಗ್ಗಾಟ ನಿಲ್ಲುವುದಿಲ್ಲ. ನನ್ನ ಕಸುಬಿನ ಒಂದು ಲೆಕ್ಕ ತೋರಿಸುತ್ತೇನೆ, ಸ್ವಲ್ಪ ತಾಳ್ಮೆ ಇರಲಿ. ಗ್ರಾಚುಟಿ ಕಾಯ್ದೆ 1972ರದ್ದು. ಐದು ವರ್ಷ ದುಡಿದವರಿಗೆ, ಪ್ರತಿ ವರ್ಷಕ್ಕೆ 15 ದಿನದ ಪಗಾರ. ಒಬ್ಬನ ಕೊನೆಯ ಪಗಾರ 18,000 ರೂಪಾಯಿ, 22 ವರ್ಷ ಕೆಲಸ ಅಂತ ಇಟ್ಟುಕೊಳ್ಳಿ. ಒಂದು ದಿನದ ಪಗಾರ ಎಷ್ಟು? ತಿಂಗಳಿಗೆ 30 ದಿನ ಅಂತ ಹಿಡಿದರೆ 600. 15ರಿಂದ, 22ರಿಂದ ಗುಣಿಸಿದರೆ 1,98,000. ಆದರೆ ತಿಂಗಳಲ್ಲಿ ನಾಲ್ಕು ಭಾನುವಾರದ ರಜೆ ತೆಗೆದರೆ ದುಡಿಯುವುದು 26 ದಿನ. 26ರಿಂದ ಭಾಗಿಸಿದರೆ ಒಟ್ಟು 2,28,461. ವ್ಯತ್ಯಾಸ ಮೂವತ್ತು ಸಾವಿರ ಚಿಲ್ಲರೆ. ಕಾಯ್ದೆಯಲ್ಲಿ ಮೊದಲು ಈ 26 ಇರಲೇ ಇಲ್ಲ. ಗುಜರಾತಿನ ಒಂದು ಉಣ್ಣೆ ಮಿಲ್ಲಿನ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 1980ರಲ್ಲಿ 26 ಸರಿ ಅಂತ ತೀರ್ಮಾನವಾಯಿತು. 1984ರಲ್ಲಿ ಇನ್ನೊಂದು ಕೇಸಿನಲ್ಲಿ ಕೋರ್ಟು ಅದನ್ನೇ ಮತ್ತೆ ಹೇಳಿತು. 1987ರಲ್ಲಿ ಸಂಸತ್ತು ಅದನ್ನು ಕಾಯ್ದೆಗೇ ಸೇರಿಸಿತು. ಈಗ ನನ್ನ ಕಂಪ್ಯೂಟರಿನಲ್ಲಿ ಒಂದು ಕೀಲಿ ಒತ್ತಿದರೆ 26ರ ಲೆಕ್ಕ ತಾನೇ ಬರುತ್ತದೆ. ಇನ್ನೂ ಕೆಲವರು "ಮೂವತ್ತು ಹಾಕಿ ಕೊಡ್ರಿ, ಯಾರು ಕೇಳ್ತಾರೆ" ಅಂತಾರೆ. ಯೂನಿಯನ್ ಇರುವ ಕಡೆಯವರು ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಈಗ ದೊಡ್ಡ ಆಕ್ಷೇಪಕ್ಕೆ ಬರೋಣ. ದಾವಣಗೆರೆಯಲ್ಲಿ ಯೂನಿಯನ್ ಅಂದ ಕೂಡಲೇ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಇವರಿಂದಲೇ ಅಲ್ವಾ ಮಿಲ್ಲು ಮುಚ್ಚಿದ್ದು." ಮಂಡಿಪೇಟೆಯ ಗದ್ದುಗೆಯಲ್ಲೂ ಕೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದೇನೆ. ಸ್ಟ್ರೈಕುಗಳು ಆದದ್ದು ನಿಜ. ಒಂದು ಮಿಲ್ಲಿಗೆ ಎರಡು ಮೂರು ಯೂನಿಯನ್ ಆಗಿ, ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದೆ, ಕೆಲಸಗಾರರ ಹೊಟ್ಟೆಗಿಂತ ಬಾವುಟದ ಬಣ್ಣ ದೊಡ್ಡದಾದದ್ದೂ ದೇಶದ ಬಹಳಷ್ಟು ಮಿಲ್ ಊರುಗಳ ಕಥೆ. ಬೊಂಬಾಯಿಯಲ್ಲಿ 1982ರ ಜನವರಿ 18ಕ್ಕೆ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಶುರುವಾದ ಮುಷ್ಕರ ಮುಗಿಯಿತು ಅಂತ ಯಾರೂ ಘೋಷಿಸಲೇ ಇಲ್ಲ. ಸಾವಿರಾರು ಜನ ಮತ್ತೆ ಮಿಲ್ ಮೆಟ್ಟಿಲು ಹತ್ತಲಿಲ್ಲ. ಅದನ್ನು ಮರೆಮಾಚಿ ಯೂನಿಯನ್ ಹೊಗಳುವುದು ನನಗೆ ಸರಿ ಕಾಣುವುದಿಲ್ಲ.

ಆದರೆ ಮಿಲ್ಲು ಮುಚ್ಚಿದ್ದಕ್ಕೆ ಅದೊಂದೇ ಕಾರಣ ಅಂದರೆ ಲೆಕ್ಕ ಕೂಡುವುದಿಲ್ಲ. ಪವರ್‌ಲೂಮು ಬಂತು. ಮಿಲ್ಲಿನಲ್ಲಿ ಮೂವತ್ತು, ನಲವತ್ತು ವರ್ಷದ ಹಳೇ ಮಷೀನು. ಲಾಭ ಬಂದಾಗ ಹೊಸದು ಹಾಕಲಿಲ್ಲ. ಪಾಲಿಸ್ಟರ್ ಬಂದು ಹತ್ತಿ ಬಟ್ಟೆ ಹಿಂದೆ ಬಿತ್ತು. ಮಿಲ್ಲಿಗಿಂತ ಮಿಲ್ಲಿನ ಜಾಗಕ್ಕೆ ಬೆಲೆ ಜಾಸ್ತಿಯಾಯಿತು. ಪಕ್ಕದ ಹರಿಹರದಲ್ಲಿ ಬಟ್ಟೆಗೂ ಹತ್ತಿಗೂ ಸಂಬಂಧವಿಲ್ಲದ, ಲೇತ್ ಮಷೀನು ಮಾಡುತ್ತಿದ್ದ ಕಿರ್ಲೋಸ್ಕರ್ ಕಾರ್ಖಾನೆಯೂ ಬಾಗಿಲು ಹಾಕಿತು. ನಾಲ್ಕಾಣೆ ಬೋನಸ್ ಜಾಸ್ತಿ ಕೇಳಿದ್ದಕ್ಕೆ ಇಷ್ಟೆಲ್ಲ ಆಯಿತು ಅನ್ನುವವರು ಮಿಲ್ಲಿನ ಬ್ಯಾಲೆನ್ಸ್ ಶೀಟು ಒಂದನ್ನಾದರೂ ಬಿಡಿಸಿ ನೋಡಿದ್ದಾರಾ ಅಂತ ಕೇಳಬೇಕು ಅನಿಸುತ್ತದೆ. ಮದುವೆ ಮನೆಯಲ್ಲಿ ಕೇಳಲು ಆಗುವುದಿಲ್ಲ.

ಮಿಲ್ಲು ಮುಳುಗುವಾಗ ಕೂಡ ಯೂನಿಯನ್ನಿಗೆ ಒಂದು ಕೆಲಸ ಇತ್ತು. ಇದು ಜನರ ಗಮನಕ್ಕೆ ಬಂದದ್ದು ಕಡಿಮೆ. ಕಂಪನಿ ಮುಚ್ಚುವ ಅರ್ಜಿ ಕೋರ್ಟಿಗೆ ಹೋದಾಗ ಷೇರುದಾರರು ಮಾತಾಡಬಹುದು, ಸಾಲ ಕೊಟ್ಟವರು ಮಾತಾಡಬಹುದು. ಅಲ್ಲೇ ಜೀವ ತೇಯ್ದವರಿಗೆ ಬಾಯಿ ಇರಲಿಲ್ಲ. ನ್ಯಾಷನಲ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟು ಕೆಲಸಗಾರರ ಮಾತನ್ನೂ ಕೇಳಬೇಕು ಅಂತ ಹೇಳಿತು. ಆ ಬೆನ್ನಿಗೇ 1985ರಲ್ಲಿ ಕಂಪನಿ ಕಾಯ್ದೆಗೆ 529ಎ ಅನ್ನುವ ಕಲಂ ಸೇರಿತು. ಮುಳುಗಿದ ಕಂಪನಿಯ ಆಸ್ತಿ ಮಾರಿದರೆ ಬಂದ ಹಣದಲ್ಲಿ ಕೆಲಸಗಾರರ ಬಾಕಿ, ಅಡವು ಇಟ್ಟುಕೊಂಡ ಬ್ಯಾಂಕಿನ ಬಾಕಿಗೆ ಸರಿಸಮ ಅಂತ ಆಯಿತು. ಅಪ್ಪನ ಬಾಕಿ ಬರಲು ವರ್ಷಗಟ್ಟಲೆ ಹಿಡಿಯಿತು, ಬಂದದ್ದೂ ಪೂರ್ತಿ ಅಲ್ಲ. ಆದರೆ ಬಂತು. ಟ್ರಂಕಿನ ರಸೀದಿಗಳು, ಹಾಜರಿ ಚೀಟಿಗಳು ಆಗ ಕೆಲಸಕ್ಕೆ ಬಂದವು. ಅವ್ವ ಆ ದುಡ್ಡಿನಲ್ಲಿ ಮನೆಯ ಮುಂದಿನ ಕೋಣೆಗೆ ಆರ್‌ಸಿಸಿ ಹಾಕಿಸಿದಳು. ಚಂದಾದ ಮಾತು ಮತ್ತೆ ಎತ್ತಲಿಲ್ಲ.

ಯೂನಿಯನ್ನಿನ ಮೇಲೆ ನನಗಿರುವ ನಿಜವಾದ ದೂರು ಬೇರೆ. ಅದು ತುಂಬ ಕಾಲ ಮಿಲ್ ಕಾಂಪೌಂಡಿನ ಒಳಗೇ ಕೂತಿತ್ತು. ಗೇಟಿನ ಆಚೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಭಟ್ಟಿಗಳಿದ್ದವು. ಮಿಲ್ ಕೆಲಸಗಾರರ ಮನೆಯ ಹೆಂಗಸರೇ ಅಲ್ಲಿ ದುಡಿಯುತ್ತಿದ್ದರು, ಬೀಡಿ ಕಟ್ಟುತ್ತಿದ್ದರು, ಗಾರೆ ಕೆಲಸಕ್ಕೆ ಬುಟ್ಟಿ ಹೊರುತ್ತಿದ್ದರು. ಖಾಯಂ ಕೆಲಸ, ಹಾಜರಿ ಪುಸ್ತಕ, ಗೇಟು, ಇವೆಲ್ಲ ಇದ್ದರೆ ಯೂನಿಯನ್ ಕಟ್ಟುವುದು ಸುಲಭ. ಗೇಟೇ ಇಲ್ಲದ ಕಡೆ ಎಲ್ಲಿ ನಿಂತು ಮೀಟಿಂಗ್ ಮಾಡುವುದು? ದೊಡ್ಡಮ್ಮನ ಕೈ ಸುಟ್ಟಾಗ ಅಪ್ಪನಿಗೂ ಯೂನಿಯನ್ ಆಫೀಸಿಗೆ ಹೋಗಿ ಹೇಳಬೇಕು ಅಂತ ಹೊಳೆಯಲಿಲ್ಲ. ಅದು "ಹೆಂಗಸರ ಕೂಲಿ" ಅಷ್ಟೇ.

ಮಿಲ್ಲುಗಳು ಹೋದ ಮೇಲೆ ಯೂನಿಯನ್ನಿಗೆ ಹೊರಗೆ ಬರದೆ ಗತ್ಯಂತರ ಇರಲಿಲ್ಲ. ಈಗ ಜಯದೇವ ವೃತ್ತದಿಂದ ಮೆರವಣಿಗೆ ಹೊರಟರೆ ಅದರಲ್ಲಿ ಮಿಲ್ಲಿನವರು ಯಾರೂ ಇಲ್ಲ, ಇದ್ದರೂ ಪಿಂಚಣಿ ಕೇಳುವ ಮುದುಕರು. (ಪಿಎಫ್ ಪಿಂಚಣಿಯ ಕನಿಷ್ಠ ಮೊತ್ತ 2014ರಲ್ಲಿ 1,000 ರೂಪಾಯಿ ಅಂತ ಮಾಡಿದರು. ತಿಂಗಳಿಗೆ ಸಾವಿರ! ಬಿ.ಪಿ. ಮಾತ್ರೆ, ಶುಗರ್ ಮಾತ್ರೆಗೆ ಸರಿಹೋಗುತ್ತದೆ.) ಉಳಿದವರಲ್ಲಿ ಹೆಚ್ಚಿನವರು ಹೆಂಗಸರು. ಅಂಗನವಾಡಿ, ಆಶಾ, ಬಿಸಿಯೂಟ. ಆಮೇಲೆ ಹಮಾಲರು, ಕಟ್ಟಡದವರು.

ಕಟ್ಟಡದವರ ಕಥೆ ನೋಡಿ. ಇವತ್ತು ಒಂದು ಮನೆ, ನಾಳೆ ಇನ್ನೊಂದು. ಮಾಲೀಕ ಯಾರು ಅಂತಲೇ ಗೊತ್ತಿಲ್ಲ, ಮೇಸ್ತ್ರಿ ಗೊತ್ತು ಅಷ್ಟೇ. ಇಂಥವರಿಗೆ ಪಿಎಫ್ ಯಾರು ಕಟ್ಟಬೇಕು? ದೇಶದ ಕಟ್ಟಡ ಕಾರ್ಮಿಕ ಸಂಘಗಳು 1985ರ ಹೊತ್ತಿಗೆ ಒಟ್ಟುಗೂಡಿ, ನ್ಯಾಯಮೂರ್ತಿ ವಿ.ಆರ್. ಕೃಷ್ಣಯ್ಯರ್ ಅವರನ್ನು ಮುಂದಿಟ್ಟುಕೊಂಡು, ಬೇರೆಯದೇ ದಾರಿ ಹುಡುಕಿದವು. ಒಬ್ಬ ಮಾಲೀಕನಿಂದ ಕೇಳುವುದು ಬೇಡ, ಕಟ್ಟಡದ ಖರ್ಚಿನಿಂದಲೇ ಒಂದು ಪಾಲು ತೆಗೆದಿಡಿ ಅಂತ. ಹತ್ತು ವರ್ಷ ಬೆನ್ನು ಹತ್ತಿದ ಮೇಲೆ 1996ರಲ್ಲಿ ಕಾಯ್ದೆ ಬಂತು. ಕಟ್ಟಡ ವೆಚ್ಚದ ಶೇ. 1 ಸೆಸ್. ಕರ್ನಾಟಕದಲ್ಲಿ ನಿಯಮ ಬಂದದ್ದು 2006ರಲ್ಲಿ. ಅಲ್ಲಿಗೆ ಮತ್ತೆ ಹತ್ತು ವರ್ಷ. ಈಗ ಹೆರಿಗೆ, ಮದುವೆ, ಮಕ್ಕಳ ಓದು, ಅಪಘಾತ, ಪಿಂಚಣಿ, ಎಲ್ಲಕ್ಕೂ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ನೆರವಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದೇನೆ ಅಂತ ತೋರಿಸಿದರೆ ಲೇಬರ್ ಕಾರ್ಡು. ಆ 90 ದಿನಕ್ಕೆ ಸಹಿ ಹಾಕುವವರು ಯಾರು ಅನ್ನುವುದೇ ಪೀಕಲಾಟ. ಸಂಘ ಇದ್ದವರಿಗೆ ಅದು ಸಲೀಸು. ಕಾರ್ಡಿಗೆ ಇಷ್ಟು ಅಂತ ದುಡ್ಡು ಕೇಳುವ, ಹೆಸರಿಗೆ ಬೋರ್ಡು ಹಾಕಿಕೊಂಡ ಸಂಘಗಳೂ ಇವೆ, ಗಾರೆ ಮುಟ್ಟದವರ ಹತ್ತಿರವೂ ಕಾರ್ಡು ಇದೆ. ಅಂಥವರಿಂದ ನಿಜವಾದ ಕೂಲಿಯವನ ಅರ್ಜಿ ಸಾಲಿನಲ್ಲಿ ಹಿಂದೆ ಬೀಳುತ್ತದೆ. ನನಗೆ ಇದು ಮಿಲ್ ಮಾಲೀಕರ ಮೋಸಕ್ಕಿಂತ ಜಾಸ್ತಿ ಸಿಟ್ಟು ತರಿಸುತ್ತದೆ.

ಅಂಗನವಾಡಿಯವರ ಗೆಲುವು ಮಾತ್ರ ಮೆಚ್ಚುವಂಥದ್ದು. ಅಂಗನವಾಡಿ ಯೋಜನೆ 1975ರಲ್ಲಿ ಶುರುವಾದದ್ದು. ಮೊದಲಿಂದಲೂ ಸರ್ಕಾರ ಹೇಳಿದ್ದು ಇವರು ಸ್ವಯಂಸೇವಕಿಯರು, ಕೊಡುವುದು ಗೌರವಧನ, ಆದ್ದರಿಂದ ಗ್ರಾಚುಟಿ ಇಲ್ಲ ಅಂತ. ಮಕ್ಕಳ ತೂಕ, ಬಾಣಂತಿಯರ ಮೊಟ್ಟೆ, ಚುನಾವಣೆ ಪಟ್ಟಿ, ಎಲ್ಲ ರಿಜಿಸ್ಟರೂ ಬರೆಯುವಾಗ ಸೇವೆ ಅಲ್ಲ, ಹಕ್ಕಿನ ಮಾತು ಬಂದಾಗ ಸೇವೆ. ಗುಜರಾತಿನಿಂದ ಹೋದ ಕೇಸಿನಲ್ಲಿ 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟು ಇವರಿಗೂ 1972ರ ಗ್ರಾಚುಟಿ ಕಾಯ್ದೆ ಅನ್ವಯ ಅಂತ ತೀರ್ಪು ಕೊಟ್ಟಿತು. ತೀರ್ಪು ದೆಹಲಿಯಲ್ಲಿ ಬಂದ ಮಾತ್ರಕ್ಕೆ ದಾವಣಗೆರೆಯ ಬ್ಯಾಂಕಿಗೆ ದುಡ್ಡು ಬೀಳುವುದಿಲ್ಲವಲ್ಲ. 2023ರ ಜನವರಿ ಚಳಿಯಲ್ಲಿ ರಾಜ್ಯದ ಎಲ್ಲ ಕಡೆಯಿಂದ ಅಂಗನವಾಡಿಯವರು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿ ಹಗಲೂ ರಾತ್ರಿ ಕೂತರು. ಆಮೇಲೆ ಸರ್ಕಾರ ಒಪ್ಪಿತು.

ಬಿಸಿಯೂಟದವರಿಗೆ ಅಷ್ಟೂ ಸಿಗಲಿಲ್ಲ. ನೂರಾರು ಮಕ್ಕಳಿಗೆ ಅನ್ನ ಸಾರು ಮಾಡಿ, ದೊಡ್ಡ ಪಾತ್ರೆ ತೊಳೆದು, ತಿಂಗಳಿಗೆ ಸಿಗುವುದು ಹೋಟೆಲಿನ ಸಪ್ಲೈಯರ್ ಹುಡುಗನ ವಾರದ ಪಗಾರಕ್ಕೆ ಸಮ. 60 ವರ್ಷ ತುಂಬಿದವರನ್ನು 2022ರಲ್ಲಿ ಮನೆಗೆ ಕಳಿಸಿದಾಗ ಕೈಗೆ ಏನೂ ಇಡಲಿಲ್ಲ. ಇಡಿಗಂಟು ಕೊಡಿ ಅಂತ ಅವರ ಸಂಘ ಜಿಲ್ಲಾಧಿಕಾರಿ ಕಚೇರಿ ಮುಂದೆ ಕೂತದ್ದನ್ನು ಪಿ.ಬಿ. ರಸ್ತೆಯಲ್ಲಿ ಓಡಾಡುವವರು ನೋಡಿರುತ್ತೀರಿ.

ಈಗ ಎಲ್ಲರೂ ಕೇಳುವುದು ಹೊಸ ಕಾರ್ಮಿಕ ಸಂಹಿತೆಗಳ ಬಗ್ಗೆ. 29 ಕಾಯ್ದೆಗಳನ್ನು ನಾಲ್ಕು ಸಂಹಿತೆ ಮಾಡಿ, 2025ರ ನವೆಂಬರ್ 21ರಿಂದ ಜಾರಿ ಅಂದಿದ್ದಾರೆ. ಒಳ್ಳೆಯದೂ ಇದೆ. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು. ಗೊತ್ತಾದ ಅವಧಿಗೆ ತೆಗೆದುಕೊಂಡವರಿಗೆ ಒಂದು ವರ್ಷಕ್ಕೇ ಗ್ರಾಚುಟಿ. ಕನಿಷ್ಠ ವೇತನ ಎಲ್ಲ ಕೆಲಸಕ್ಕೂ. ಇನ್ನೊಂದು ಕಡೆ, ಕಾರ್ಖಾನೆ ಮುಚ್ಚಲು, ಜನರನ್ನು ತೆಗೆಯಲು ಸರ್ಕಾರದ ಅನುಮತಿ ಬೇಕಾಗುತ್ತಿದ್ದದ್ದು 100 ಜನ ಇದ್ದರೆ. ಈಗ 300. ನೀರು, ಕರೆಂಟು, ರೈಲಿನಂಥ ಸೇವೆಗಳಿಗೆ ಮಾತ್ರ ಇದ್ದ ಸ್ಟ್ರೈಕ್ ನೋಟಿಸ್ ನಿಯಮ ಈಗ ಎಲ್ಲ ಕಡೆಗೂ, 14 ದಿನ ಮೊದಲೇ ಕೊಡಬೇಕು. ನೋಟಿಸ್ ಕೊಟ್ಟು ರಾಜಿ ಮಾತುಕತೆ ಶುರುವಾದರೆ ಮುಗಿಯುವವರೆಗೆ ಸ್ಟ್ರೈಕ್ ಮಾಡುವ ಹಾಗಿಲ್ಲ. ಕೊಟ್ಟ ಹಕ್ಕುಗಳ ಪಟ್ಟಿ ಉದ್ದವಾಗಿದೆ, ಅದನ್ನು ಕೇಳಿ ಪಡೆಯುವ ದಾರಿ ಕಿರಿದಾಗಿದೆ. ನನ್ನ ಓದಿಗೆ ಕಂಡದ್ದು ಇಷ್ಟು. ನಮ್ಮ ಜಿಲ್ಲೆಯಲ್ಲಿ 300 ಜನರ ಕಾರ್ಖಾನೆ ಎಷ್ಟಿವೆ ಅಂತ ಕೈಬೆರಳಲ್ಲಿ ಎಣಿಸಬಹುದು.

ಕನಿಷ್ಠ ವೇತನ ಭಟ್ಟಿಗೂ ಅನ್ವಯ, ಅದಕ್ಕೆ ಇಷ್ಟು ಜನ ಇರಬೇಕು ಅನ್ನುವ ಷರತ್ತಿಲ್ಲ ಅನ್ನುವುದನ್ನು ಮೊನ್ನೆ ದೊಡ್ಡಮ್ಮನ ಸೊಸೆಗೆ ಹೇಳಿದೆ. ಅವಳೂ ಭಟ್ಟಿಗೇ ಹೋಗುವುದು. ಸೊಪ್ಪು ಸೋಸುತ್ತಾ ಕೇಳಿಸಿಕೊಂಡಳು.

"ಅರ್ಜಿ ಕೊಟ್ರೆ ನಾಳೆ ಬೆಳಿಗ್ಗೆ ನನ್ನ ಕೆಲಸಕ್ಕೆ ಕರೀತಾರಾ ಭಾವ?"

"ನೀನೊಬ್ಬಳೇ ಕೊಟ್ರೆ ಕರೆಯಲ್ಲ. ಏಳು ಜನ ಆದ್ರೆ ಸಂಘಕ್ಕೇ ಅರ್ಜಿ ಹಾಕಬಹುದು. ಅಕ್ಕಪಕ್ಕದ ಭಟ್ಟಿಯವರೂ ಸೇರಬಹುದು. ಬರೆದು ಕೊಡೋದು ನಾನು ಬರೀತೀನಿ."

ಅವಳು ಒಬ್ಬೊಬ್ಬರ ಹೆಸರು ಹೇಳುತ್ತಾ ಎಣಿಸಿದಳು. ಇಬ್ಬರು ಬರುವುದಿಲ್ಲ, ಮಾಲೀಕರ ಹತ್ತಿರ ಸಾಲ ಮಾಡಿದ್ದಾರೆ ಅಂದಳು. ಒಬ್ಬಳ ಗಂಡ ಬಿಡುವುದಿಲ್ಲ. ಉಳಿದವರನ್ನು ಕೇಳಿ ನೋಡುತ್ತೇನೆ ಅಂದಳು. ಆಮೇಲೆ ಸೊಪ್ಪು ಬದಿಗಿಟ್ಟು ಕೇಳಿದಳು, "ಚಂದಾ ಎಷ್ಟು ಇಡ್ತಾರೆ ಭಾವ, ತಿಂಗಳಿಗೆ?"